ಕಾರಿಗೆ ಸೈಕಲ್ ಕ್ಯಾರಿಯರ್: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಸೈಕಲ್ಲಿನ ಮಾತೇಕೆ ಎಂದು ಕೆಲವು ಸದಸ್ಯ ಬಾಂಧವರಿಗೆ ಅನ್ನಿಸಬಹುದು. ಬೋರ್ಡೋ ದ್ರಾವಣ, ಕೊಳೆರೋಗ, ಕಾಂಡಕೊರಕಗಳ ನಡುವೆ ಇದು ಹೊರಗಿನ ವಿಷಯವೆಂದು ಕಾಣುವುದು ಸಹಜವೇ. ಆದರೆ ತೋಟದ ಮನೆಗಳಲ್ಲಿ ಸೈಕಲ್ಲು ಈಗ ಮತ್ತೆ ಕಾಣಿಸಿಕೊಂಡಿದೆ. ಒಂದು ಮನೆಯಲ್ಲಿ ಮಗನು ಹಾಸ್ಟೆಲಿಗೆ ಹೋಗುವಾಗ ಗೇರ್ ಸೈಕಲ್ಲನ್ನೂ ಒಯ್ಯಬೇಕೆನ್ನುತ್ತಾನೆ. ಇನ್ನೊಂದು ಮನೆಯಲ್ಲಿ ಮಗಳು ಸೈಕಲ್ ಓಟದಲ್ಲಿ ಹೆಸರು ಮಾಡಿ ವಿಜಯಪುರ, ಬಾಗಲಕೋಟೆಯ ಕಡೆಗೆ ಸ್ಪರ್ಧೆಗೆ ಹೊರಡುತ್ತಾಳೆ. ಹೋಮ್‌ಸ್ಟೇ ಇಟ್ಟಿರುವವರ ಅಂಗಳಕ್ಕೆ ಪೇಟೆಯ ಅತಿಥಿಗಳು ಕಾರಿನ ಬೆನ್ನಿಗೆ ಎರಡು ಸೈಕಲ್ ಕಟ್ಟಿಕೊಂಡೇ ಬಂದಿಳಿಯುತ್ತಾರೆ. ಸಕ್ಕರೆ ಕಾಯಿಲೆಯೆಂದು ವೈದ್ಯರು ವ್ಯಾಯಾಮ ಹೇಳಿದ ಮೇಲೆ ಐವತ್ತು ದಾಟಿದ ಬೆಳೆಗಾರರೂ ಸೈಕಲ್ ಕೊಂಡದ್ದುಂಟು.

ಹಿಂದೆ ಇದರ ಚಿಂತೆ ಇರಲಿಲ್ಲ. ಬಸ್ಸಿನ ಟಾಪಿನ ಮೇಲೆ ಸೈಕಲ್ ಏರಿಸಿ, ಹಗ್ಗ ಬಿಗಿದು, ಕಂಡಕ್ಟರರಿಗೆ ಲಗೇಜಿನ ಹಣ ಕೊಟ್ಟರೆ ಮುಗಿಯುತ್ತಿತ್ತು. ಅಂಬಾಸಡರ್, ಫಿಯಟ್ ಕಾರುಗಳ ಮಾಡಿನ ಅಂಚಿನಲ್ಲಿ ಮಳೆನೀರು ಹರಿಯಲು ತಗಡಿನ ದಂಬೆಯಿರುತ್ತಿತ್ತು. ಆ ದಂಬೆಗೇ ಕ್ಯಾರಿಯರಿನ ಕಾಲುಗಳನ್ನು ಕಚ್ಚಿಸಿ ಬಿಗಿದರೆ ಅದು ಅಲುಗುತ್ತಿರಲಿಲ್ಲ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಕಾರುಗಳಿಗೆ ಆ ದಂಬೆಯಿಲ್ಲ. ಮಾಡಿನ ತಗಡು ತೆಳು, ಹಿಂಬದಿಯ ಬಾಗಿಲಿನ ಮೇಲೆ ಗಾಜು ಮತ್ತು ಪ್ಲಾಸ್ಟಿಕ್ಕು ಹೆಚ್ಚು. ಆದ್ದರಿಂದ ಹಳೆಯ ಅಭ್ಯಾಸದಂತೆ ಕಟ್ಟಿಕೊಂಡು ಹೊರಟರೆ ಕಾರೂ ಕೆಡುತ್ತದೆ, ಸೈಕಲ್ಲೂ ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಘಾಟಿಯ ತಿರುವಿನಲ್ಲಿ ಕಳಚಿ ಬಿದ್ದ ಸೈಕಲ್ಲು ಹಿಂದೆ ಬರುತ್ತಿರುವ ದ್ವಿಚಕ್ರ ಸವಾರನ ಜೀವಕ್ಕೆ ಎರವಾಗಬಲ್ಲದು. ಈ ಲೇಖನದ ಉದ್ದೇಶ ಅದನ್ನು ತಪ್ಪಿಸುವುದೇ.

ಮೊದಲ ಪ್ರಶ್ನೆ: ಕ್ಯಾರಿಯರ್ ಬೇಕೇ?

ಅಂಗಡಿಗೆ ಹೋಗುವ ಮುನ್ನ ವರ್ಷಕ್ಕೆ ಎಷ್ಟು ಸಲ, ಎಷ್ಟು ಸೈಕಲ್, ಎಷ್ಟು ದೂರ ಒಯ್ಯುತ್ತೇವೆ ಎಂಬುದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬೇಕು. ಉದಾಹರಣೆಗೆ, ಹತ್ತು ಸಾವಿರ ರೂಪಾಯಿಯ ಕ್ಯಾರಿಯರನ್ನು ಕೊಂಡು ಐದು ವರ್ಷದಲ್ಲಿ ವರ್ಷಕ್ಕೆರಡು ಸಲ ಬಳಸಿದರೆ ಒಂದೊಂದು ಸಲಕ್ಕೂ ಸಾವಿರ ರೂಪಾಯಿ ಬಿದ್ದಂತಾಯಿತು. ಆ ಹಣಕ್ಕೆ ಊರಿನ ಪಿಕಪ್ಪಿನವರು ಸೈಕಲ್ಲನ್ನು ಪೇಟೆಯವರೆಗೆ ಮುಟ್ಟಿಸಿಯಾರು. ಅದೇ ಕ್ಯಾರಿಯರನ್ನು ತಿಂಗಳಿಗೆ ಎರಡು ಸಲ ಬಳಸುವವರಿಗೆ ಐದು ವರ್ಷದಲ್ಲಿ 120 ಸಲ ಆಯಿತು. ಸಲವೊಂದಕ್ಕೆ ಬೀಳುವುದು ಎಂಬತ್ತಮೂರು ರೂಪಾಯಿ ಮಾತ್ರ. ಮೊದಲನೆಯವರಿಗೆ ದುಂದು, ಎರಡನೆಯವರಿಗೆ ಮಿತವ್ಯಯ.

ಒಂದೇ ಸೈಕಲ್ಲು, ಅದೂ ಅಪರೂಪಕ್ಕೆ ಎನ್ನುವವರಿಗೆ ಖರ್ಚಿಲ್ಲದ ದಾರಿಯೊಂದಿದೆ. ಕಾರಿನ ಹಿಂದಿನ ಸೀಟನ್ನು ಮಡಚಿ, ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಒಳಗೇ ಮಲಗಿಸುವುದು. ಚೈನು ಇರುವ ಬದಿ ಮೇಲಕ್ಕೆ ಬರಬೇಕು. ಕೆಳಗೆ ಹಳೆಯ ಗೋಣಿಚೀಲ ಅಥವಾ ಕಂಬಳಿ ಹಾಸಿದರೆ ಸೀಟಿಗೆ ಗ್ರೀಸ್ ಹತ್ತದು. ಗೇರ್ ಸೈಕಲ್ಲಿನ ಚಕ್ರವನ್ನು ಕೈಯಿಂದಲೇ ಬಿಚ್ಚುವ ಸನ್ನೆ ಇದ್ದರೆ ಎರಡು ನಿಮಿಷದ ಕೆಲಸ. ರಾಡು ಬ್ರೇಕಿನ ಹಳೆಯ ಕರಿ ಸೈಕಲ್ಲಿನಲ್ಲಿ ಮಾತ್ರ ಮುಂದಿನ ಚಕ್ರ ಬಿಚ್ಚುವುದು ಸ್ವಲ್ಪ ರಗಳೆ. ಅದನ್ನು ಪಿಕಪ್ಪಿಗೆ ಹಾಕುವುದೇ ಲೇಸು. ಡಿಸ್ಕ್ ಬ್ರೇಕಿನಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬಗೆಯಿದೆ. ಅಂಥದರಲ್ಲಿ ಚಕ್ರ ಬಿಚ್ಚಿದ ಮೇಲೆ ಬ್ರೇಕಿನ ಹಿಡಿಯನ್ನು ಒತ್ತಲೇಬಾರದು. ಒತ್ತಿದರೆ ಒಳಗಿನ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು, ಚಕ್ರ ಮತ್ತೆ ಒಳಗೆ ಹೋಗದು. ಪ್ಯಾಡುಗಳ ನಡುವೆ ದಪ್ಪ ರಟ್ಟಿನ ತುಂಡೊಂದನ್ನು ಸಿಕ್ಕಿಸಿಟ್ಟರೆ ಈ ತೊಂದರೆ ಬಾರದು.

ಎರಡು ಸೈಕಲ್ಲು, ಮನೆಮಂದಿಯೆಲ್ಲ ಕಾರಿನಲ್ಲಿ, ಮೇಲಿಂದ ಮೇಲೆ ಪ್ರಯಾಣ ಎನ್ನುವವರು ಮಾತ್ರ ಮುಂದಿನ ಭಾಗವನ್ನು ಗಮನವಿಟ್ಟು ಓದಬೇಕು.

ತೂಕ ಮತ್ತು ಅಳತೆ

ಸೊಸೈಟಿಯ ತಕ್ಕಡಿಯಲ್ಲಿ ಕಾಫಿ ಚೀಲ ತೂಗಿಸುವ ನಾವು ಸೈಕಲ್ಲನ್ನೂ ಒಮ್ಮೆ ತೂಗಿಸಿದರೆ ತಪ್ಪೇನಿಲ್ಲ. ಹಳೆಯ ಕರಿ ಸೈಕಲ್ಲು ಸುಮಾರು 20 ಕಿಲೋ ಮೀರುತ್ತದೆ. ಪೇಟೆಯಲ್ಲಿ ಸಿಗುವ ಸಾಮಾನ್ಯ ಗೇರ್ ಸೈಕಲ್ಲು 13ರಿಂದ 17 ಕಿಲೋ. ಬ್ಯಾಟರಿ ಸೈಕಲ್ಲು 20 ಕಿಲೋವಿನಿಂದ ಮೇಲಕ್ಕೆ. ಕ್ಯಾರಿಯರಿನ ಸ್ವಂತ ತೂಕ ಬೇರೆ.

ಈಗ ಕಾರಿನ ಕಡೆಗೆ ಬರೋಣ. ಕಾರಿನೊಡನೆ ಕೊಟ್ಟ ಕೈಪಿಡಿಯಲ್ಲಿ ಮಾಡಿನ ಮೇಲೆ ಹೇರಬಹುದಾದ ಗರಿಷ್ಠ ಭಾರವನ್ನು ಮುದ್ರಿಸಿರುತ್ತಾರೆ. ಅನೇಕ ಕಾರುಗಳಲ್ಲಿ ಇದು 50ರಿಂದ 75 ಕಿಲೋ. ಐವತ್ತು ಕಿಲೋ ಎಂದರೆ ಒಂದು ಚೀಲ ಚೆರಿ ಕಾಫಿ, ಅಷ್ಟೆ. ಈ ಮಿತಿಯಲ್ಲಿ ಕ್ಯಾರಿಯರಿನ ತೂಕವೂ ಸೇರಿದೆ ಎಂಬುದನ್ನು ಹಲವರು ಮರೆಯುತ್ತಾರೆ. 50 ಕಿಲೋ ಮಿತಿಯ ಕಾರಿನ ಮೇಲೆ 12 ಕಿಲೋ ಕ್ಯಾರಿಯರ್ ಕೂರಿಸಿದರೆ ಉಳಿಯುವುದು 38 ಕಿಲೋ. ಅದರಲ್ಲಿ ಎರಡು ಗೇರ್ ಸೈಕಲ್ಲಿಗೆ ಜಾಗವುಂಟು, ಎರಡು ಕರಿ ಸೈಕಲ್ಲಿಗೆ ಇಲ್ಲ. ಕೆಲವು ಕಾರುಗಳ ಕೈಪಿಡಿಯಲ್ಲಿ ಮಾಡಿನ ಮೇಲೆ ಏನನ್ನೂ ಹೇರಬಾರದೆಂದೇ ಬರೆದಿರುತ್ತದೆ. ಮಾಡಿನ ಎರಡು ಬದಿಗೆ ಕಾಣುವ ಹೊಳೆಯುವ ಕಂಬಿಗಳನ್ನು ನೋಡಿ ಮೋಸ ಹೋಗಬಾರದು. ಎಷ್ಟೋ ಸಣ್ಣ ಕಾರುಗಳಲ್ಲಿ ಅವು ಅಂದಕ್ಕೆಂದು ಅಂಟಿಸಿದವು. ಭಾರ ಹೊರಲು ಅಲ್ಲ.

ಅಗಲದ ಲೆಕ್ಕವೂ ಬೇಕು. ದೊಡ್ಡವರ ಸೈಕಲ್ಲು ಉದ್ದಕ್ಕೆ 1.75ರಿಂದ 1.85 ಮೀಟರ್ ಇರುತ್ತದೆ. ಆಲ್ಟೋ ಕಾರಿನ ಅಗಲ ಸುಮಾರು 1.5 ಮೀಟರ್, ವ್ಯಾಗನ್-ಆರ್ ಸುಮಾರು 1.6 ಮೀಟರ್, ಬೊಲೆರೋ ಸುಮಾರು 1.75 ಮೀಟರ್. ಸೈಕಲ್ಲನ್ನು ಕಾರಿನ ಬೆನ್ನಿಗೆ ಅಡ್ಡಲಾಗಿ ಕಟ್ಟಿದಾಗ ಆಲ್ಟೋವಿನಲ್ಲಿ ಎರಡು ಕಡೆಗೂ ಒಂದೊಂದು ಗೇಣಿನ ಹತ್ತಿರ ಚಕ್ರ ಹೊರಚಾಚುತ್ತದೆ. ತೋಟದ ಇಕ್ಕಟ್ಟಾದ ದಾರಿಯಲ್ಲಿ ಕಾಫಿ ಗಿಡದ ರೆಕ್ಕೆಗೆ ತಾಗುವುದು ಒಂದು ಮಾತು. ಹೆದ್ದಾರಿಯಲ್ಲಿ ಪಕ್ಕದಿಂದ ನುಗ್ಗುವ ಮೋಟಾರ್ ಸೈಕಲ್ಲಿನವನ ಮೊಣಕಾಲಿಗೆ ತಾಗುವುದು ಬೇರೆ ಮಾತು. ಚಾಚು ಇರುವ ಕಾರಿನವರು ಮುಂದಿನ ಚಕ್ರವನ್ನು ಬಿಚ್ಚಿ ಒಳಗಿಟ್ಟುಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು.

ಮಾಡಿನ ಮೇಲಿನ ಕ್ಯಾರಿಯರ್

ಇದರಲ್ಲಿ ಎರಡು ಭಾಗ. ಕಾರಿನ ಅಡ್ಡಕ್ಕೆ ಎರಡು ಕಂಬಿಗಳು. ಅವುಗಳ ಮೇಲೆ ಸೈಕಲ್ಲಿಗೊಂದರಂತೆ ಉದ್ದನೆಯ ತೊಟ್ಟಿಲು. ಕೆಲವು ತೊಟ್ಟಿಲುಗಳಲ್ಲಿ ಎರಡು ಚಕ್ರವೂ ನಿಂತು, ಒಂದು ತೋಳು ಬಂದು ಫ್ರೇಮಿನ ಕೆಳಗಿನ ಕೊಳವೆಯನ್ನು ಹಿಡಿಯುತ್ತದೆ. ಇನ್ನು ಕೆಲವದರಲ್ಲಿ ಮುಂದಿನ ಚಕ್ರ ಬಿಚ್ಚಿ ಫೋರ್ಕನ್ನೇ ಬಿಗಿಯಬೇಕು. ಮೊದಲನೆಯದು ಸುಲಭ, ಎರಡನೆಯದು ಹೆಚ್ಚು ಭದ್ರ.

ಇದರ ಗುಣಗಳು ಹಲವು. ಡಿಕ್ಕಿ ತೆಗೆಯಲು ಅಡ್ಡಿಯಿಲ್ಲ. ಹಿಂದಿನ ದೀಪ, ನಂಬರ್ ಪ್ಲೇಟು ಮರೆಯಾಗವು. ಹಿಂದಿನ ರಸ್ತೆ ಕನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸೈಕಲ್ಲಿಗೆ ಸೈಕಲ್ಲು ತಿಕ್ಕಿ ಬಣ್ಣ ಹೋಗುವುದಿಲ್ಲ.

ದೋಷಗಳೂ ಉಂಟು. 15 ಕಿಲೋ ಸೈಕಲ್ಲನ್ನು ತಲೆಗಿಂತ ಮೇಲಕ್ಕೆ ಎತ್ತುವುದು ಸೊಂಟನೋವಿನವರ ಕೆಲಸವಲ್ಲ. ಬೊಲೆರೋದಂಥ ಎತ್ತರದ ಗಾಡಿಗೆ ಇಬ್ಬರು ಬೇಕು. ಗಾಳಿಯ ತಡೆ ಹೆಚ್ಚಿ ಇಂಧನ ಹೆಚ್ಚು ಸುಡುತ್ತದೆ. ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 40 ಕಿಲೋಮೀಟರ್ ವೇಗದಲ್ಲಿದ್ದದ್ದು 80ಕ್ಕೆ ಹೋದಾಗ ನಾಲ್ಕು ಪಟ್ಟಾಗುತ್ತದೆ. ಭಾರ ಮೇಲಿರುವುದರಿಂದ ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದದ್ದು ಎತ್ತರ. ವ್ಯಾಗನ್-ಆರ್ ಕಾರಿನ ಎತ್ತರ ಸುಮಾರು 1.67 ಮೀಟರ್; ಅದರ ಮೇಲೆ ಕ್ಯಾರಿಯರ್, ನಿಂತ ಸೈಕಲ್ಲು ಸೇರಿ 2.85 ಮೀಟರಿನ ಆಸುಪಾಸು. ಬೊಲೆರೋವಿನ ಮೇಲಾದರೆ ಮೂರು ಮೀಟರ್, ಅಂದರೆ ಹತ್ತು ಅಡಿ. ತೋಟದ ದಾರಿಗೆ ಬಾಗಿದ ಹಲಸಿನ ಕೊಂಬೆ, ಹಾಲುವಾಣದ ರೆಂಬೆ, ಜೋತುಬಿದ್ದ ವಿದ್ಯುತ್ ತಂತಿ, ಗೇಟಿನ ಕಮಾನು, ಕಾರು ನಿಲ್ಲಿಸುವ ಶೆಡ್ಡಿನ ತಗಡು — ಇವೆಲ್ಲ ಈ ಎತ್ತರದಲ್ಲೇ ಇರುತ್ತವೆ. ದೂರದಿಂದ ಬಂದು ದಣಿದವನಿಗೆ ತನ್ನ ಶೆಡ್ಡಿಗೆ ನುಗ್ಗುವಾಗ ತಲೆಯ ಮೇಲೆ ಸೈಕಲ್ಲಿದೆಯೆಂಬುದು ನೆನಪಾಗದು. ಆದ್ದರಿಂದ ಒಟ್ಟು ಎತ್ತರವನ್ನು ಅಳೆದು, ಚೀಟಿಯಲ್ಲಿ ಬರೆದು ಸ್ಟೇರಿಂಗಿನ ಎದುರು ಅಂಟಿಸಿಕೊಳ್ಳಿರಿ. ಮನೆಯ ಗೇಟಿನ ಕೊಂಡಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಹೊರಟರೆ ಇನ್ನೂ ಒಳ್ಳೆಯದು. ಹಿಂತಿರುಗಿದಾಗ ಇಳಿದು ಗೇಟು ತೆಗೆಯುವ ಹೊತ್ತಿಗೆ ಅದೇ ನೆನಪಿಸುತ್ತದೆ.

ಡಿಕ್ಕಿಗೆ ಕಟ್ಟುವ ಕ್ಯಾರಿಯರ್

ಪೇಟೆಯಿಂದ ಬರುವ ಅತಿಥಿಗಳ ಕಾರಿನಲ್ಲಿ ಹೆಚ್ಚಾಗಿ ಕಾಣುವುದು ಇದೇ. ಬಾಗಿದ ಕಬ್ಬಿಣದ ಅಥವಾ ಅಲ್ಯುಮಿನಿಯಮ್ಮಿನ ಚೌಕಟ್ಟೊಂದು ಡಿಕ್ಕಿಯ ಬಾಗಿಲಿಗೆ ಒರಗಿ ನಿಲ್ಲುತ್ತದೆ. ನಾಲ್ಕರಿಂದ ಆರು ನೈಲಾನ್ ಬೆಲ್ಟುಗಳು ಕೊಕ್ಕೆಗಳ ಮೂಲಕ ಬಾಗಿಲಿನ ಅಂಚನ್ನು ಹಿಡಿದು ಬಿಗಿಯುತ್ತವೆ. ಭಾರವನ್ನೆಲ್ಲ ಹೊರುವುದು ಮೇಲಿನ ಎರಡು ಬೆಲ್ಟುಗಳು. ಕೆಳಗಿನವು ಮತ್ತು ಬದಿಯವು ಅಲುಗಾಟ ತಡೆಯಲು. ಬೆಲೆ ಕಡಿಮೆ, ತೂಕ ಕಡಿಮೆ, ಮಡಚಿಟ್ಟರೆ ಮೂಲೆಯಲ್ಲಿ ಕೂರುತ್ತದೆ, ಸೈಕಲ್ಲನ್ನು ಸೊಂಟದ ಎತ್ತರಕ್ಕೆ ಎತ್ತಿದರೆ ಸಾಕು.

ಆದರೆ ಎಲ್ಲ ಕಾರಿಗೂ ಇದು ಹೊಂದದು. ಡಿಕ್ಕಿಯ ಮೇಲಂಚಿಗೆ ಪ್ಲಾಸ್ಟಿಕ್ಕಿನ ರೆಕ್ಕೆ ಇರುವ ಕಾರುಗಳಲ್ಲಿ ಕೊಕ್ಕೆ ಆ ರೆಕ್ಕೆಯ ಮೇಲೆ ಕೂತರೆ ಸೀಳು ಬರುವುದು ಖಂಡಿತ. ಕೊಕ್ಕೆ ತಗಡಿನ ಅಂಚನ್ನೇ ಹಿಡಿಯಬೇಕು. ಗಾಜಿನ ಅಂಚನ್ನು ಎಂದಿಗೂ ಹಿಡಿಯಬಾರದು. ಚೌಕಟ್ಟಿನ ರಬ್ಬರ್ ಪಾದಗಳು ಗಾಜಿನ ಮೇಲೆ ಒತ್ತಬಹುದೇ ಎಂಬುದಕ್ಕೆ ತಯಾರಕರ ಪಟ್ಟಿಯನ್ನೇ ನೋಡಬೇಕು. ಯಾವ ಕಾರಿಗೆ ಯಾವ ಮಾದರಿ, ಬೆಲ್ಟನ್ನು ಎಲ್ಲಿ ಸಿಕ್ಕಿಸಬೇಕು ಎಂಬ ಪಟ್ಟಿಯನ್ನು ಒಳ್ಳೆಯ ತಯಾರಕರು ಕೊಡುತ್ತಾರೆ. ನಿಮ್ಮ ಕಾರು ಆ ಪಟ್ಟಿಯಲ್ಲಿಲ್ಲದಿದ್ದರೆ "ಎಲ್ಲದಕ್ಕೂ ಆಗುತ್ತೆ ಸಾರ್" ಎಂಬ ಅಂಗಡಿಯವರ ಮಾತಿಗೆ ಬೆಲೆ ಕೊಡಬೇಡಿರಿ.

ಇನ್ನೂ ಮೂರು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ಸೈಲೆನ್ಸರಿನ ಬಾಯಿ. ಕೆಳಗೆ ಜೋತ ಚಕ್ರ ಅದರ ನೇರಕ್ಕೆ ಬಂದರೆ ಬಿಸಿ ಹೊಗೆಗೆ ಟೈರು ಮೆತ್ತಗಾಗಿ ಕೆಡುತ್ತದೆ. ಎರಡನೆಯದು, ಹೆಂಗಸರ ಸೈಕಲ್ಲು. ಅದಕ್ಕೆ ಮೇಲಿನ ಅಡ್ಡ ಕೊಳವೆಯಿಲ್ಲದ ಕಾರಣ ಕ್ಯಾರಿಯರಿನ ತೋಳುಗಳಿಗೆ ಸರಿಯಾಗಿ ಕೂರದು. ಹ್ಯಾಂಡಲಿನ ಬುಡದಿಂದ ಸೀಟಿನ ಕಂಬಕ್ಕೆ ಹಾಕುವ ಅಡ್ಡ ಸಲಾಕೆ ಬೇರೆಯಾಗಿ ಸಿಗುತ್ತದೆ, ಅದನ್ನು ಜೊತೆಗೇ ಕೊಳ್ಳಬೇಕು. ಮೂರನೆಯದು, ಎರಡು ಸೈಕಲ್ಲು ಒಂದಕ್ಕೊಂದು ತಾಗುವ ಕಡೆ. ಒಂದರ ಪೆಡಲು ಇನ್ನೊಂದರ ಕಡ್ಡಿಗಳೊಳಗೆ ಹೊಕ್ಕರೆ ನೂರು ಕಿಲೋಮೀಟರಿನ ಅಲುಗಾಟಕ್ಕೆ ಕಡ್ಡಿ ತುಂಡಾಗುತ್ತದೆ. ಒಂದನ್ನು ಎಡಮುಖ, ಇನ್ನೊಂದನ್ನು ಬಲಮುಖ ಮಾಡಿ, ನಡುವೆ ಗೋಣಿಯ ತುಂಡು ಸುತ್ತಿ ಕಟ್ಟಬೇಕು.

ಸ್ಟೆಪ್ನಿಗೆ ಮತ್ತು ಕೊಂಡಿಗೆ ಬಿಗಿಯುವವು

ಬೊಲೆರೋ, ಥಾರ್‌ನಂತೆ ಹಿಂಬಾಗಿಲಿಗೇ ಸ್ಟೆಪ್ನಿ ಇರುವ ಗಾಡಿಗಳಿಗೆ ಆ ಚಕ್ರಕ್ಕೇ ಬಿಗಿಯುವ ಕ್ಯಾರಿಯರ್ ಬರುತ್ತದೆ. ಗಾಜು, ರೆಕ್ಕೆಗಳ ಗೊಡವೆಯಿಲ್ಲ; ಗಾಡಿಯ ಅಗಲವೂ ಸೈಕಲ್ಲಿಗೆ ಹತ್ತಿರಹತ್ತಿರ ಸರಿಹೋಗುತ್ತದೆ. ಆದರೆ ಸ್ಟೆಪ್ನಿಯ ಭಾರವನ್ನೂ ಹೊತ್ತಿರುವ ಬಾಗಿಲಿನ ಕೀಲುಗಳಿಗೆ ಇನ್ನಷ್ಟು ಭಾರ ಬೀಳುತ್ತದೆ. ಮಣ್ಣು ರಸ್ತೆಯಲ್ಲಿ ವರ್ಷಗಟ್ಟಲೆ ಓಡಿ ಕೀಲು ಸಡಿಲಗೊಂಡ ಗಾಡಿಯಾದರೆ ಮೊದಲು ಅದನ್ನು ರಿಪೇರಿ ಮಾಡಿಸಬೇಕು. ದಾರಿಯಲ್ಲಿ ಪಂಕ್ಚರ್ ಆದರೆ ಸೈಕಲ್ಲು, ಕ್ಯಾರಿಯರ್ ಎಲ್ಲ ಬಿಚ್ಚಿದ ಮೇಲೆಯೇ ಸ್ಟೆಪ್ನಿ ಕೈಗೆ ಸಿಗುವುದೆಂಬುದನ್ನೂ ನೆನಪಿಡಬೇಕು.

ಅಮೆರಿಕ, ಯೂರೋಪುಗಳಲ್ಲಿ ಕಾರಿನ ಹಿಂದೆ ಟ್ರೈಲರ್ ಎಳೆಯುವ ಕೊಂಡಿಯಿರುವುದು ಸಾಮಾನ್ಯ. ಅಲ್ಲಿ ಆ ಕೊಂಡಿಗೇ ಸಿಕ್ಕಿಸುವ, ಸೈಕಲ್ಲನ್ನು ಹಲಗೆಯ ಮೇಲೆ ನಿಲ್ಲಿಸಿದಂತೆ ಒಯ್ಯುವ ಕ್ಯಾರಿಯರ್ ಬಹಳ ಬಳಕೆಯಲ್ಲಿದೆ. ಎತ್ತುವ ಶ್ರಮ ಕಡಿಮೆ, ಹಿಡಿತ ಗಟ್ಟಿ. ಬ್ಯಾಟರಿ ಸೈಕಲ್ಲಿಗೆ ಇದೇ ಉತ್ತಮ. ಈ ಸರಕಿನಲ್ಲಿ ಹೆಸರಾದ ಸ್ವೀಡನ್ನಿನ ಥುಲೆ ಸಂಸ್ಥೆ 1942ರಲ್ಲಿ ಹುಟ್ಟಿದ್ದು ಮೀನು ಹಿಡಿಯುವ ಬೋನು ಮಾರಲು. ಕಾರಿನ ಕ್ಯಾರಿಯರಿಗೆ ಬಂದದ್ದು ಆಮೇಲೆ. ನಮ್ಮ ದೇಶದ ಸಣ್ಣ ಕಾರುಗಳಿಗೆ ಆ ಕೊಂಡಿ ಕಾರ್ಖಾನೆಯಿಂದ ಬರುವುದು ಅಪರೂಪ. ಅದಕ್ಕಾಗಿ ಚಾಸಿಗೆ ತೂತು ಕೊರೆದು, ವೆಲ್ಡಿಂಗ್ ಮಾಡಿಸುವ ಸಾಹಸಕ್ಕೆ ಕೈಹಾಕಬಾರದು. ಗಾಡಿಯ ಮೂಲ ರಚನೆಯನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಇದೇ ಸೆಕ್ಷನ್ನಿನ ಆಧಾರದ ಮೇಲೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ತಿಳಿಸಿದ್ದು ಹಲವರಿಗೆ ನೆನಪಿರಬಹುದು. ಹಳೆಯ ಜೀಪಿಗಿರುವ ಟ್ರೈಲರ್ ಕೊಕ್ಕೆ ಬೇರೆ ಬಗೆಯದು. ಅದು ಎಳೆಯಲಿಕ್ಕೆ, ಸೈಕಲ್ ಹೊರಲಿಕ್ಕಲ್ಲ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರೆ?

ಏಣಿ, ಗೇಟು, ಕಾಫಿ ಒಣಗಿಸುವ ಕಣದ ಸಲಕರಣೆಗಳನ್ನು ಮಾಡಿಸಿದವರಿಗೆ ಇದನ್ನೂ ಅಲ್ಲೇ ಮಾಡಿಸೋಣ ಎನಿಸುವುದು ಸಹಜ. ಮಾಡಿನ ಕಂಬಿಗಳಿಗೆ ಕೂರುವ ತೊಟ್ಟಿಲಾದರೆ ಮಾಡಿಸಬಹುದು. ಆದರೆ ಕಾರಿನ ಮಾಡಿಗೆ ಕಚ್ಚಿಸುವ ಕಾಲುಗಳನ್ನು ಮಾತ್ರ ಆ ಕಾರಿಗೆಂದೇ ಅಚ್ಚು ಹಾಕಿದವುಗಳನ್ನೇ ಕೊಳ್ಳಬೇಕು. ಭಾರವೆಲ್ಲ ನಿಲ್ಲುವುದು ಅವುಗಳ ಮೇಲೆ. ಮನೆಯಲ್ಲಿ ಮಾಡಿಸಿದ್ದರಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಅತಿ ಭಾರ. ದಪ್ಪ ಕಬ್ಬಿಣ ಹಾಕಿದಷ್ಟೂ ಗಟ್ಟಿ ಎಂಬ ನಂಬಿಕೆಯಿಂದ ಕ್ಯಾರಿಯರೇ 30 ಕಿಲೋ ಆದರೆ ಸೈಕಲ್ಲಿಗೆ ಉಳಿಯುವುದೆಷ್ಟು? ಮಾಡಿಸುವವರು ತೆಳು ಗೋಡೆಯ ಚೌಕ ಕೊಳವೆ ಬಳಸಿ, ಮೊನೆಗಳನ್ನು ಮುಚ್ಚಿಸಿ, ನಟ್ಟುಗಳು ಸಡಿಲವಾಗದಂತೆ ಎರಡೆರಡು ನಟ್ಟು ಅಥವಾ ಸ್ಪ್ರಿಂಗ್ ವಾಷರ್ ಹಾಕಿಸಿ, ಮುಗಿದ ಮೇಲೆ ತೂಗಿ ನೋಡಬೇಕು.

ಕಟ್ಟುವ ಕ್ರಮ

ಕ್ಯಾರಿಯರ್ ಎಷ್ಟೇ ಬೆಲೆಯದಿರಲಿ, ಕಟ್ಟಿದವನ ಕೈಯಲ್ಲಿದೆ ಭದ್ರತೆ. ಕೆಳಗಿನ ಕ್ರಮವನ್ನು ಪಾಲಿಸುವುದು ಕ್ಷೇಮ.

1. ರಬ್ಬರ್ ಪಾದ ಕೂರುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿರಿ. ನಡುವೆ ಸಿಕ್ಕ ಮರಳು ಮರಗೆಲಸದ ಉಜ್ಜುಕಾಗದದಂತೆ ಬಣ್ಣ ತೆಗೆಯುತ್ತದೆ.

2. ಸೈಕಲ್ಲಿನಿಂದ ಗಾಳಿ ಪಂಪು, ನೀರಿನ ಬಾಟಲಿ, ಬುಟ್ಟಿ, ಕಳಚಬಹುದಾದ ದೀಪಗಳನ್ನು ತೆಗೆದಿಡಿರಿ. ಬ್ಯಾಟರಿ ಸೈಕಲ್ಲಾದರೆ ಬ್ಯಾಟರಿಯನ್ನು ಕಳಚಿ ಕಾರಿನೊಳಗೆ ಇಟ್ಟುಕೊಳ್ಳಿರಿ. ತೂಕವೂ ತಗ್ಗುತ್ತದೆ, ಮಳೆಗೂ ನೆನೆಯದು.

3. ಭಾರದ ಸೈಕಲ್ಲು ಕಾರಿಗೆ ಹತ್ತಿರ, ಹಗುರವಾದದ್ದು ಹೊರಗೆ.

4. ಬೆಲ್ಟನ್ನು ಬಿಗಿದ ಮೇಲೆ ಉಳಿದ ಬಾಲವನ್ನು ಗಂಟು ಹಾಕಿರಿ. ಗಾಳಿಗೆ ಪಟಪಟನೆ ಹೊಡೆದುಕೊಳ್ಳುವ ಬಾಲವೇ ಬಕಲ್ಲನ್ನು ನಿಧಾನವಾಗಿ ಸಡಿಲಿಸುತ್ತದೆ.

5. ಚಕ್ರಗಳು ತಿರುಗದಂತೆ, ಹ್ಯಾಂಡಲು ಹೊರಳದಂತೆ ಬೇರೆಯಾಗಿ ಕಟ್ಟಿರಿ. ಇದಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಹಳ ಒಳ್ಳೆಯದು. ಆದರೆ ಟ್ಯೂಬನ್ನೇ ಮುಖ್ಯ ಕಟ್ಟಾಗಿ ನಂಬಬೇಡಿರಿ. ರಬ್ಬರು ಎಳೆದರೆ ಹಿಗ್ಗುವ ವಸ್ತು.

6. ಮುಖ್ಯ ಬೆಲ್ಟುಗಳಲ್ಲದೆ, ಸೈಕಲ್ಲಿನ ಫ್ರೇಮಿನಿಂದ ಕಾರಿನ ಗಟ್ಟಿ ಭಾಗಕ್ಕೆ ಒಂದು ನೈಲಾನ್ ಹಗ್ಗವನ್ನು ಪ್ರತ್ಯೇಕವಾಗಿ ಕಟ್ಟಿರಿ. ಮೊದಲ ಕಟ್ಟು ಕಳಚಿದರೂ ಸೈಕಲ್ಲು ರಸ್ತೆಗೆ ಬೀಳದೆ ಇದು ಹಿಡಿದಿಡುತ್ತದೆ.

7. ಕೊನೆಗೆ ಸೈಕಲ್ಲನ್ನು ಹಿಡಿದು ಬಲವಾಗಿ ಅಲುಗಿಸಿರಿ. ಕಾರೇ ಅಲುಗಬೇಕು. ಸೈಕಲ್ಲು ಮಾತ್ರ ಅಲುಗಿದರೆ ಕಟ್ಟು ಸಾಲದು.

ಹೊರಟ ಮೇಲೆ ಒಂದು ಕಿಲೋಮೀಟರಿಗೆ ನಿಲ್ಲಿಸಿ ನೋಡಿರಿ. ಹೊಸ ಬೆಲ್ಟು ಮೊದಲ ಅಲುಗಾಟಕ್ಕೆ ಸ್ವಲ್ಪ ಸಡಿಲವಾಗುತ್ತದೆ. ಮತ್ತೆ ಹತ್ತು ಕಿಲೋಮೀಟರಿಗೊಮ್ಮೆ, ಆಮೇಲೆ ಕಾಫಿಗೆಂದು ಇಳಿದಾಗಲೆಲ್ಲ ಕೈಯಾಡಿಸಿ ನೋಡುವುದು ರೂಢಿಯಾಗಬೇಕು. ಘಾಟಿ ಇಳಿಯುವ ಮೊದಲು ತಪ್ಪದೆ ನೋಡಬೇಕು. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆಯಲ್ಲಾಗಲಿ, ಚಾರ್ಮಾಡಿಯಲ್ಲಾಗಲಿ ನಡುದಾರಿಯಲ್ಲಿ ನಿಲ್ಲಿಸಿ ಬೆಲ್ಟು ಬಿಗಿಯಲು ಜಾಗ ಸಿಗದು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸೈಕಲ್ಲು ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಬಲದಿಂದ ಮುಂದಕ್ಕೆ ಜಗ್ಗುತ್ತದೆ. ಗುಂಡಿಗೆ ಇಳಿದೆದ್ದಾಗ ಕಟ್ಟಿನ ಮೇಲೆ ಇನ್ನೂ ಹೆಚ್ಚಿನ ಎಳೆತ ಬೀಳುತ್ತದೆ. ಆದ್ದರಿಂದ ನಮ್ಮ ರಸ್ತೆಗಳಲ್ಲಿ ಐವತ್ತು, ಅರವತ್ತರ ವೇಗ ಮೀರದಿರುವುದೇ ವಿವೇಕ.

ಕಾಯ್ದೆ ಏನೆನ್ನುತ್ತದೆ?

ಹಿಂದಿನ ಕ್ಯಾರಿಯರ್ ಹಾಕಿದಾಗ ಎರಡು ವಿಷಯಗಳಲ್ಲಿ ತಕರಾರು ಬರುತ್ತದೆ. ಒಂದು, ನಂಬರ್ ಪ್ಲೇಟು ಮತ್ತು ದೀಪಗಳು ಮರೆಯಾಗುವುದು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗಿದೆ. ಪೇಂಟರಿಂದ ಬರೆಸಿ ಸೈಕಲ್ಲಿಗೆ ತೂಗುಹಾಕಿದ ಹಲಗೆ ಅದಕ್ಕೆ ಸಮನಾಗದು. ಫಲಕ, ಬ್ರೇಕ್ ದೀಪ, ಇಂಡಿಕೇಟರ್ ಮೂರೂ ಹಿಂದಿನವರಿಗೆ ಕಾಣುವಂತೆ ಸೈಕಲ್ಲನ್ನು ಮೇಲಕ್ಕೆ ಕೂರಿಸಲು ಆಗದಿದ್ದರೆ ಆ ಮಾದರಿ ನಿಮ್ಮ ಕಾರಿಗಲ್ಲ ಎಂದೇ ತಿಳಿಯಿರಿ.

ಎರಡು, ಹೊರಚಾಚು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಹೇರಿದ ಸಾಮಾನು ಗಾಡಿಯ ಬದಿಗೆ, ಹಿಂದೆ ಮುಂದೆ ಅಥವಾ ಎತ್ತರಕ್ಕೆ ಅನುಮತಿಸಿದ ಮಿತಿಯನ್ನು ಮೀರಿ ಚಾಚಿದರೆ 194 (1ಎ) ಸೆಕ್ಷನ್ನಿನಡಿ 20,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಸಾಮಾನು ಇಳಿಸುವ ಖರ್ಚೂ ಗಾಡಿಯವರದೇ. ನಮ್ಮದು ಮಿತಿಯೊಳಗಿದೆಯೆಂದು ರಸ್ತೆಬದಿಯಲ್ಲಿ ನಿಂತು ವಾದಿಸುವುದಕ್ಕಿಂತ ಮನೆಯಲ್ಲೇ ಚಕ್ರ ಬಿಚ್ಚಿಡುವುದು ಸುಲಭ. ಸ್ವಲ್ಪವಾದರೂ ಹೊರಗೆ ಕಾಣುವ ತುದಿಗೆ ಹಗಲು ಕೆಂಪು ಬಟ್ಟೆಯನ್ನೂ ರಾತ್ರಿ ಕೆಂಪು ದೀಪವನ್ನೂ ಕಟ್ಟಿರಿ. ಮಂಜು ಮುಸುಕಿದ ಮುಂಜಾವಿನಲ್ಲಿ ಇದರ ಉಪಯೋಗ ಗೊತ್ತಾಗುತ್ತದೆ. ಕಾರಿನ ವಿಮೆಯಲ್ಲಿ ಹೊರಗೆ ಕಟ್ಟಿದ ಸೈಕಲ್ಲಿಗೂ ಕ್ಯಾರಿಯರಿಗೂ ರಕ್ಷಣೆಯಿದೆಯೇ ಎಂಬುದನ್ನು ಏಜೆಂಟರಲ್ಲಿ ವಿಚಾರಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು.

ಮಳೆಗಾಲ ಮತ್ತು ಪಾಲನೆ

ಮಳೆಯಲ್ಲಿ ಸೈಕಲ್ಲು ನೆನೆಯುತ್ತದೆಂದು ಪೂರ್ತಿ ಟಾರ್ಪಾಲು ಹೊದಿಸುವವರುಂಟು. ಇದು ಅಪಾಯ. ಟಾರ್ಪಾಲು ಹಡಗಿನ ಹಾಯಿಯಂತೆ ಗಾಳಿ ತುಂಬಿಕೊಂಡು ಕ್ಯಾರಿಯರನ್ನೇ ಎಳೆಯುತ್ತದೆ. ಸೀಟಿಗೊಂದು ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿದರೆ ಸಾಕು. ಊರು ಸೇರಿದ ಮೇಲೆ ಒರೆಸಿ, ಚೈನಿಗೆ ನಾಲ್ಕು ಹನಿ ಎಣ್ಣೆ ಬಿಡಬೇಕು.

ಕ್ಯಾರಿಯರನ್ನು ಬಳಸಿದ ಮೇಲೆ ಕಾರಿನಿಂದ ಬಿಚ್ಚಿಡಬೇಕು. ವರ್ಷವಿಡೀ ಹಾಗೇ ಬಿಟ್ಟರೆ ಪಾದದಡಿ ನೀರು ನಿಂತು ತುಕ್ಕು ಹಿಡಿಯುತ್ತದೆ, ಬಿಸಿಲಿಗೆ ನೈಲಾನ್ ಬೆಲ್ಟು ಬಲಗೆಡುತ್ತದೆ. ಬಣ್ಣ ಮಾಸಿ, ಅಂಚು ಕೂದಲೆದ್ದ ಬೆಲ್ಟನ್ನು ಮತ್ತೆ ಬಳಸಬಾರದು. ಬಿಚ್ಚಿದ್ದನ್ನು ಎಲ್ಲಿಡುವುದೆಂಬುದೂ ಮುಖ್ಯ. ಗೊಬ್ಬರ, ಮೈಲುತುತ್ತ, ಸುಣ್ಣ ಇಡುವ ಉಗ್ರಾಣದಲ್ಲಿ ಇಡಲೇಬೇಡಿರಿ. ಮೈಲುತುತ್ತದ ಪುಡಿ ತೇವಕ್ಕೆ ಕರಗಿ ಕಬ್ಬಿಣವನ್ನೂ ಅಲ್ಯುಮಿನಿಯಮ್ಮನ್ನೂ ತಿನ್ನುತ್ತದೆಂಬುದು ಸ್ಪ್ರೇಯರ್ ಬಳಸುವ ನಮಗೆ ಹೊಸತಲ್ಲ. ಇಲಿಗಳಿಗೆ ನೈಲಾನ್ ಬೆಲ್ಟೆಂದರೆ ಪ್ರೀತಿ. ಬೆಲ್ಟುಗಳನ್ನು ಬೇರ್ಪಡಿಸಿ ಡಬ್ಬಿಯಲ್ಲಿಡುವುದು ಉತ್ತಮ.

ಯಾರಿಗೆ ಯಾವುದು?

ಮೇಲಿನ ವಿವರಗಳಿಂದ ಒಂದು ಸ್ಥೂಲ ನಿರ್ಣಯಕ್ಕೆ ಬರಬಹುದು. ವರ್ಷಕ್ಕೆ ಒಂದೆರಡು ಸಲ, ಒಂದೇ ಸೈಕಲ್ಲು ಎನ್ನುವವರಿಗೆ ಕ್ಯಾರಿಯರ್ ಬೇಡ. ಸೀಟು ಮಡಚಿ ಒಳಗೆ ಹಾಕಿರಿ. ಆಲ್ಟೋದಂಥ ಅಗಲ ಕಡಿಮೆಯ ಕಾರಿಗೆ, ಕೈಪಿಡಿ ಒಪ್ಪಿದರೆ, ಮಾಡಿನ ಮೇಲಿನದೇ ಮೇಲು, ಚಾಚಿನ ತಂಟೆಯಿಲ್ಲ. ಡಿಕ್ಕಿಯ ಅಂಚು ಗಟ್ಟಿ ತಗಡಿನದಾಗಿದ್ದು, ತಯಾರಕರ ಪಟ್ಟಿಯಲ್ಲಿ ಕಾರಿನ ಹೆಸರಿದ್ದರೆ ಬೆಲ್ಟಿನ ಕ್ಯಾರಿಯರ್ ಅಗ್ಗ ಮತ್ತು ಅನುಕೂಲ. ಬೊಲೆರೋ, ಥಾರ್ ಇರುವವರಿಗೆ ಸ್ಟೆಪ್ನಿಯದು ಸರಿ. ಕರಿ ಸೈಕಲ್ಲು ಮತ್ತು ಬ್ಯಾಟರಿ ಸೈಕಲ್ಲುಗಳಿಗೆ ಪಿಕಪ್ಪೇ ಗತಿ.

ಕೊನೆಯದಾಗಿ ಸಹಕಾರಿಗಳಿಗೆ ಒಪ್ಪುವ ಒಂದು ಸೂಚನೆ. ಪವರ್ ಸ್ಪ್ರೇಯರನ್ನೂ ಏಣಿಯನ್ನೂ ನೆರೆಹೊರೆಯವರು ಹಂಚಿಕೊಂಡು ಬಳಸುವುದು ನಮ್ಮಲ್ಲಿ ಹೊಸತೇನಲ್ಲ. ಒಂದೇ ಮಾದರಿಯ ಕಾರಿರುವ ಮೂರು ನಾಲ್ಕು ಮನೆಯವರು ಸೇರಿ ಒಂದು ಒಳ್ಳೆಯ ಕ್ಯಾರಿಯರ್ ಕೊಂಡರೆ ಖರ್ಚು ಹಂಚಿಹೋಗುತ್ತದೆ. ಅಗ್ಗದ ನಾಲ್ಕರ ಬದಲು ಗಟ್ಟಿಯಾದ ಒಂದು ಬರುತ್ತದೆ. ಕಾರು ಬೇರೆ ಬೇರೆಯಾಗಿದ್ದರೂ ಮಾಡಿನ ತೊಟ್ಟಿಲನ್ನು ಹಂಚಿಕೊಂಡು, ಕಾಲುಗಳನ್ನು ಮಾತ್ರ ಅವರವರ ಕಾರಿಗೆ ತಕ್ಕಂತೆ ಕೊಳ್ಳಬಹುದು. ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೆಲ್ಲ ಬೆಲ್ಟು, ಬಕಲ್ಲು, ನಟ್ಟುಗಳನ್ನು ಇಬ್ಬರೂ ಎದುರೆದುರು ನಿಂತು ನೋಡಿ ಒಪ್ಪಿಸಿಕೊಳ್ಳಬೇಕು. ಕೊಟ್ಟವರು ನೋಡಿರುತ್ತಾರೆಂದು ಪಡೆದವರೂ, ಪಡೆದವರು ನೋಡಿಕೊಳ್ಳುತ್ತಾರೆಂದು ಕೊಟ್ಟವರೂ ಸುಮ್ಮನಿದ್ದರೆ ಅದರ ಫಲವನ್ನು ಉಣ್ಣುವವನು ಹಿಂದಿನಿಂದ ಬರುತ್ತಿರುವ, ಇದಾವುದನ್ನೂ ಅರಿಯದ ದಾರಿಹೋಕ.